ರೆಕ್ಕೆ ಮುಚ್ಚುವ ಮೊದಲು

ಕಪನೂರ, ಕಲಬುರಗಿ
ರವಿವಾರ, ಆಗಸ್ಟ್ 24, 2025

ಹಟಮಾರಿ ಮಗಳು ಪ್ರೀತಿಗೆ, ಆ ಹಟವನ್ನು ನಿನಗೆ ಧಾರೆ ಎರೆದ ಅವ್ವನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ಮೌನೇಶ ಹೇಳಿದ. ಫೋನ್ ಎತ್ತದ ಮಗಳ ಕ್ಷೇಮವನ್ನು ಅಳಿಯನ ಬಾಯಿಂದ ಕೇಳುವ ಕಾಲ ಬಂತು. ಪಂಚಮಿಗೆ ತವರಿಗೆ ಬರುತ್ತೀಯೆಂದು ಶೇಂಗಾ ಉಂಡಿ, ಎಳ್ಳಿನ ಉಂಡಿ ಕಟ್ಟಿ ಡಬ್ಬಿ ತುಂಬಿಸಿದ್ದೆ. ಬಂದವನು ಅಳಿಯ. ಕೈಯಲ್ಲಿ ನಿಮ್ಮ ತೋಟದ ಕೆಂಪು ಬಾಳೆ, ಜೇಬಿನಲ್ಲಿ ನಿನ್ನ ನಾಲ್ಕು ಸಾಲಿನ ಚೀಟಿ. ಅದರ ಪ್ರಕಾರ, ನಾನು ಕೈಯಾರೆ ಕಟ್ಟಿದ ಆ ವಿಮಾನವನ್ನು ಮಾರುವವರೆಗೆ ನೀನು ಕಲಬುರಗಿಗೆ ಬರುವುದಿಲ್ಲ, ನಾನು ಕಮಲಾಪುರಕ್ಕೆ ಬರಬಾರದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನೀನು. ಕಾರಣ ಕೊಡದೆ ಇಂಥ ಉತ್ತರ ಬರೆದ ಹುಡುಗರಿಗೆ ಎಷ್ಟು ಅಂಕ ಕೊಡುತ್ತೀಯೋ ಅಷ್ಟೇ ನಾನೂ ಕೊಟ್ಟಿದ್ದೇನೆ.

ಮೌನೇಶ ಪಾಪ, ನಾನು ಚೀಟಿ ಓದಿ ಮುಗಿಸುವವರೆಗೂ ಕುಳಿತುಕೊಳ್ಳಲಿಲ್ಲ. "ಅತ್ತೀ, ಅಕಿ ಸಿಟ್ಟಿನ್ಯಾಗ ಬರದಾಳ್ರಿ. ಮನಸಿಗಿ ಹಚ್ಕೋಬ್ಯಾಡ್ರಿ" ಎಂದ. ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ, ಆದರೆ ಉತ್ತರ ಕೊಡದೆ ಬಿಡುವವಳೂ ಅಲ್ಲ. ತಡವಾದದ್ದಕ್ಕೆ ಕಾರಣವಿದೆ, ಹೇಳುತ್ತೇನೆ.

ಅಪ್ಪನನ್ನು ಕಳೆದುಕೊಂಡದ್ದು ಸಾಲದೇ ಎಂದು ಬರೆದಿದ್ದೀಯ. ಅಪಘಾತವಾದ ದಿನ ನಿನ್ನ ಅಪ್ಪ ಹುಮನಾಬಾದ್ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು, ಎಡಬದಿಯಲ್ಲಿ, ನಿಧಾನವಾಗಿಯೇ ಹೋಗುತ್ತಿದ್ದರು. ಅವರು ನೆಲದ ಮೇಲೇ ಇದ್ದರು, ಪ್ರೀತಿ. ಈ ಮಾತು ಬರೆಯಬಾರದಿತ್ತೇನೋ. ಆದರೂ ಹೊಡೆದು ಹಾಕುವುದಿಲ್ಲ.

ಇನ್ನೊಂದು ಮಾತು. ನೀನು ಅದನ್ನು ತಗಡಿನ ಡಬ್ಬಿ ಎಂದಿದ್ದೀಯ. ಐಟಿಐನಲ್ಲಿ ಜೀವಮಾನವೆಲ್ಲ ತಗಡಿನ ಕೆಲಸ ಕಲಿಸಿದವಳಿಗೆ ಇದು ಬೈಗುಳವಲ್ಲ. ನಿವೃತ್ತಿಯಾದ ಮೇಲೆ ನಾನು ನಕ್ಷೆ ತರಿಸಿ, ಅಲ್ಯೂಮಿನಿಯಂ ತಗಡು ತರಿಸಿ, ಈ ಶೆಡ್ಡು ಬಾಡಿಗೆಗೆ ಹಿಡಿದಾಗ ನೀನು ಎಷ್ಟು ನಕ್ಕಿದ್ದೆ. ಬಾಲ ಮುಗಿದಾಗ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಶಾಲೆಯಲ್ಲೆಲ್ಲ ತೋರಿಸಿದೆ. ನಾನು ಹೈದರಾಬಾದಿಗೆ ಹೋಗಿ ಹಾರಲು ಕಲಿಯುತ್ತೇನೆ ಅಂದಾಗಲೂ ನಕ್ಕೆ. ರೆಕ್ಕೆ ಕೂಡಿಸಿದ ದಿನ ನಿನ್ನ ನಗು ನಿಂತಿತು. ಅವ್ವ ನಿಜವಾಗಿಯೂ ಹಾರುತ್ತಾಳೆಂದು ಆ ದಿನ ನಿನಗೆ ಹೊಳೆದಿರಬೇಕು.

ಹಾಗಾದರೆ ಈ ಡಬ್ಬಿಯ ಒಳಗೆ ಏನಿದೆ ಎಂದು ಕೇಳು. ಅಲ್ಯೂಮಿನಿಯಂಗೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದು ಬಿಳಿ ಪುಡಿಯಾಗಿ ಸವೆಯುತ್ತದೆ, ಅದೂ ಎರಡು ತಗಡು ಒಂದರ ಮೇಲೊಂದು ಕೂಡುವ ಕಡೆ, ಕಣ್ಣಿಗೆ ಬೀಳದ ಜಾಗದಲ್ಲಿ. ಅದಕ್ಕೇ ಪ್ರತಿ ತುಂಡನ್ನೂ ಜೋಡಿಸುವ ಮೊದಲು ಅಂಚು ನಯ ಮಾಡಿ, ಮೈ ಉಜ್ಜಿ, ಜಿಡ್ಡು ಒರೆಸಿ, ಸವೆತ ತಡೆಯುವ ಹಸಿರು ಬಣ್ಣ, ಪ್ರೈಮರ್, ಹೊಡೆಯಬೇಕು. ಅದು ಒಣಗಿದ ಮೇಲೆಯೇ ತಗಡು ಕೂಡಿಸುವ ರಿವೆಟ್ ಮೊಳೆ. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ನಿನಗೆ ಗೊತ್ತಲ್ಲ, ಮಧ್ಯಾಹ್ನ ಕಲಸಿದ ಪ್ರೈಮರ್ ಸಿಂಪಡಿಸುವ ಗನ್ನಿನೊಳಗೇ ಗಟ್ಟಿಯಾಗಿ ಕುಳಿತಿತು. ಆಮೇಲಿಂದ ಹೊತ್ತು ಮೂಡುವ ಮೊದಲೇ ಮೂಗಿಗೆ ಮುಸುಕು ಹಾಕಿಕೊಂಡು ಆ ಕೆಲಸ ಮುಗಿಸುತ್ತಿದ್ದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ನೇರವಾಗಿ ತಾಗಿ, ನಡುವೆ ತೇವ ಸೇರಿಕೊಂಡರೆ ಅಲ್ಯೂಮಿನಿಯಂ ಹೇಗೆ ಬೇಗ ಸವೆಯುತ್ತದೆಂದು ನೀನೇ ಮಕ್ಕಳಿಗೆ ಪಾಠ ಮಾಡುತ್ತೀಯ. ನನ್ನ ವಿಮಾನದಲ್ಲಿ ಅವೆರಡೂ ಎಲ್ಲಿಯೂ ಬರಿಮೈಯಲ್ಲಿ ತಾಗುವುದಿಲ್ಲ.

ಇಷ್ಟು ಜಂಬ ಕೊಚ್ಚಿದವಳು ಒಂದು ಕಡೆ ಎಡವಿದೆ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಕ್ಕದ ಶೆಡ್ಡಿನ ವೆಲ್ಡರ್ ಸಾಯಿಕುಮಾರ ನಿನಗೆ ಹೇಳಿ ನಗುತ್ತಾನೆ. ಎಡರೆಕ್ಕೆಯ ತುದಿಯ ಕೆಂಪು ದೀಪ ಒಮ್ಮೆ ಉರಿಯುತ್ತಿತ್ತು, ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ದೀಪ ಬದಲಿಸಿದೆ, ಸ್ವಿಚ್ಚು ಬಿಚ್ಚಿದೆ, ವೈರಿನ ಎರಡೂ ತುದಿಗೆ ಹಚ್ಚಿದ ಚೀಟಿ ಹಿಡಿದು ಒಂದೊಂದನ್ನೇ ನೋಡುತ್ತಾ ಹೋದೆ. ದೀಪ ಕಳಿಸಿದವನನ್ನು ಬಾಯಿಗೆ ಬಂದಂತೆ ಬೈದೆ. ಕೊನೆಗೆ ಮೀಟರ್ ಇಟ್ಟು ನೋಡಿದಾಗ ತಪ್ಪು ಅವನದಲ್ಲ, ನನ್ನದು. ಲೋಹದ ವಿಮಾನದಲ್ಲಿ ಕರೆಂಟು ವೈರಿನಲ್ಲಿ ಹೋಗಿ ತಗಡಿನ ಮೈಯಿಂದಲೇ ವಾಪಸು ಬರುತ್ತದೆ. ಹಾಗೆ ವಾಪಸು ಬರಲು ದೀಪದಿಂದ ತಗಡಿಗೆ ಬಿಗಿಯುವ ಅರ್ಥಿಂಗ್ ವೈರು ಕೂಡುವ ಜಾಗದಲ್ಲಿ ಲೋಹ ಬೆತ್ತಲೆಯಾಗಿರಬೇಕು. ತುಕ್ಕಿನ ಮೇಲಿನ ದ್ವೇಷದಲ್ಲಿ ನಾನು ಅಲ್ಲಿಯೂ ಚೆನ್ನಾಗಿ ಪ್ರೈಮರ್ ಬಳಿದಿದ್ದೆ.

"ಮೇಡಂ, ನಿಮ್ ಬಣ್ಣ ಭಾರಿ ಗಟ್ಟಿ ಅದ ನೋಡ್ರಿ. ನೀರೂ ಬಿಡಲ್ಲ, ಕರೆಂಟೂ ಬಿಡಲ್ಲ" ಎಂದು ಸಾಯಿಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ರೂಪಾಯಿ ಅಗಲದಷ್ಟು ಜಾಗ ಕೆರೆದು, ಹೊಳೆಯುವಂತೆ ಉಜ್ಜಿ, ವೈರು ಬಿಗಿದು, ಸುತ್ತಲೂ ತೇವ ಹೋಗದ ಹಾಗೆ ಮುಚ್ಚಿದೆ. ಈಗ ಆ ದೀಪ ಕಣ್ಣು ಮಿಟುಕಿಸುವುದಿಲ್ಲ.

ಇದಾದ ಮೇಲೆ, ಪಂಚಮಿಯ ಮರುವಾರ, ರೋಜಾ ಬಡಾವಣೆಯಿಂದ ಮೆಹಬೂಬಿ ಬಂದಳು. ದರ್ಗಾದ ಹತ್ತಿರ ಬಳೆ ಅಂಗಡಿ ಇಟ್ಟವಳು, ನಿನ್ನ ಮದುವೆಗೆ ಬಳೆ ತೊಡಿಸಿದವಳು. ಇಷ್ಟು ವರ್ಷದಲ್ಲಿ ಶೆಡ್ಡಿನ ಕಡೆ ತಲೆ ಹಾಕದವಳು ಆವತ್ತು ಯಾಕೆ ಬಂದಳೆಂದು ಕೇಳಬೇಡ. ನೋಡಲು ಬಂದಳು ಎಂದುಕೋ. ಕೊಡೆ ಮಡಚಿ ಬಾಗಿಲಿಗೆ ಒರಗಿಸಿ, ವಿಮಾನವನ್ನು ಒಂದು ಸುತ್ತು ಹಾಕಿದಳು. ರೆಕ್ಕೆಯನ್ನು ಬೆರಳಗೆಣ್ಣಿನಿಂದ ತಟ್ಟಿದಳು. "ಅಕ್ಕಾ, ಒಳಗ ಏನೇನ್ ಅದ ಅಂತ ಹೇಳ್ರಿ" ಎಂದಳು. ನಾನು ಹೇಳಲು ಹತ್ತಿದರೆ ನಿಲ್ಲುವವಳೇ? ಪ್ರೈಮರ್, ರಿವೆಟ್, ವೈರು ತಗಡಿನ ತೂತು ದಾಟುವ ಕಡೆ ಉಜ್ಜಿ ಹರಿಯದಂತೆ ಹಾಕಿದ ರಬ್ಬರ್ ಬಳೆ, ಒಂದು ಕಡೆ ಬೆಂಕಿ ಹತ್ತುವ ಮೊದಲೇ ಕರೆಂಟು ಕಡಿಯುವ ಫ್ಯೂಸು, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ಇದರಾಗ ನಿಮ್ಮ ಪ್ರೀತೀಗಿ ಕೂಡಸ್ತೀರೇನ್ರಿ?"

ನೀನು ನಂಬಲಿಕ್ಕಿಲ್ಲ, ನಾನು ತಿರುಗಿ ಚಹಕ್ಕೆ ನೀರಿಟ್ಟೆ. ನಾನೇ ಕೂತು ಹಾರುತ್ತೇನೋ ಎಂದು ಕೇಳಿದ್ದರೆ ಅವಳ ಮಾತು ಮುಗಿಯುವ ಮೊದಲೇ ಹೂಂ ಅನ್ನುತ್ತಿದ್ದೆ. ನಿನ್ನ ಹೆಸರು ಹೇಳಿದ ಕೂಡಲೇ ಬಲರೆಕ್ಕೆ ನೆನಪಾಯಿತು. ಅದರ ಒಳಗೂ ಅಂಥದ್ದೇ ಒಂದು ಅರ್ಥಿಂಗ್ ಇದೆ. ವಿಮಾನಯಾನ ಇಲಾಖೆಯ ಪರೀಕ್ಷಕರು ಬಂದು ನೋಡಿ, ಸಹಿ ಹಾಕಿದ ಮೇಲೆಯೇ ಆ ರೆಕ್ಕೆ ಮುಚ್ಚಿದ್ದೆ. ದೀಪ ಸರಿಯಾಗಿ ಉರಿಯುತ್ತದೆ. ಅಲ್ಲಿ ಬಣ್ಣ ಕೆರೆದಿದ್ದೇನೆಂದು ನನ್ನ ಮನಸ್ಸು ಹೇಳುತ್ತಿತ್ತು, ಆದರೆ ಎಡಗಡೆಯದನ್ನೂ ಅದೇ ಮನಸ್ಸು ಸರಿ ಎಂದಿತ್ತಲ್ಲ. ಮೆಹಬೂಬಿಗೆ ಚಹ ಮಾಡಿ ಕೊಟ್ಟೆ. ಅವಳು ಕುಡಿದು, ಕೊಡೆ ತೆಗೆದುಕೊಂಡು ಹೋದಳು. ಇನ್ನೊಮ್ಮೆ ಕೇಳಲಿಲ್ಲ.

ಮರುದಿನ ಡ್ರಿಲ್ ಹಿಡಿದು ಬಲರೆಕ್ಕೆಯ ಕೆಳಗಿನ ತಗಡಿನ ರಿವೆಟ್ಟುಗಳನ್ನು ಒಂದೊಂದಾಗಿ ತೆಗೆಯಲು ಶುರು ಮಾಡಿದೆ. ಹಾಕುವುದಕ್ಕಿಂತ ತೆಗೆಯುವುದು ಕಷ್ಟದ ಕೆಲಸ. ಕೈ ಸ್ವಲ್ಪ ಜಾರಿದರೂ ತೂತು ಅಗಲವಾಗಿ ತಗಡೇ ಕೆಡುತ್ತದೆ. ಸಾಯಿಕುಮಾರ ಓಡಿ ಬಂದ. "ಛಲೋ ಇದ್ದ ರೆಕ್ಕಿ ಯಾಕ್ ಬಿಚ್ಚಾಕತ್ತೀರಿ ಮೇಡಂ? ತಲಿ ಕೆಟ್ಟದೇನ್ರಿ?" ಎಂದ. ಕೆಟ್ಟಿದೆ, ಬಂದು ಇನ್ನೊಂದು ಅಂಚು ಹಿಡಿದುಕೋ ಎಂದೆ. ಗೊಣಗಿಕೊಂಡೇ ಹಿಡಿದ.

ತಗಡು ಸರಿಸಿ, ಟಾರ್ಚು ಬಿಟ್ಟು, ಕನ್ನಡಿ ಹಿಡಿದು ನೋಡಿದೆ. ವೈರಿನ ಬುಡದಲ್ಲಿ ಕೆರೆದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತ ಹಚ್ಚಿದ ಲೇಪ ಒಂದು ಕಡೆಯೂ ಬಿರಿದಿರಲಿಲ್ಲ. ಎಲ್ಲ ತೂತಿನಲ್ಲೂ ರಬ್ಬರ್ ಬಳೆ ಇತ್ತು, ಬಿಳಿ ಪುಡಿ ಎಲ್ಲಿಯೂ ಇರಲಿಲ್ಲ. ಬಿಚ್ಚುವ ಅಗತ್ಯವೇ ಇರಲಿಲ್ಲ, ಪ್ರೀತಿ. ಸಾಯಿಕುಮಾರ ಹಣೆ ಚಚ್ಚಿಕೊಂಡ. ನನಗೆ ಮಾತ್ರ ಅಷ್ಟು ಖುಷಿ ಬಹಳ ದಿನಗಳಿಂದ ಆಗಿರಲಿಲ್ಲ. ನಿನಗೆಂದು ಕಟ್ಟಿದ್ದ ಉಂಡಿಯ ಡಬ್ಬಿ ತೆಗೆದು ಇಬ್ಬರೂ ಹೊಟ್ಟೆ ತುಂಬ ತಿಂದೆವು. ನೀನು ಬಾರದೆ ಕಳೆದುಕೊಂಡದ್ದೆಂದರೆ ಇದೇ.

ಮತ್ತೆ ಪ್ರೈಮರ್ ಹಚ್ಚಿ, ಪರೀಕ್ಷಕರನ್ನು ಇನ್ನೊಮ್ಮೆ ಕರೆಸಿ ಬೈಸಿಕೊಂಡು, ರೆಕ್ಕೆ ಮುಚ್ಚಿ ಮುಗಿಸುವಷ್ಟರಲ್ಲಿ ಈ ಶುಕ್ರವಾರ ಬಂತು. ಆವತ್ತೇ ಸಂಜೆ ರೋಜಾಕ್ಕೆ ಹೋದೆ. ಅಂಗಡಿಯ ತುಂಬ ಹೊರಗಿನಿಂದ ಬಂದ ಹೆಂಗಸರು. ಅವರ ನಡುವೆಯೇ ನಿಂತು, ಪ್ರೀತೀಗಿ ಕೂಡಸ್ತೀನಿ ಎಂದೆ. ಮೆಹಬೂಬಿ ನನ್ನ ಕೈ ಎಳೆದುಕೊಂಡು ಹಸಿರು ಬಳೆ ತೊಡಿಸಿಬಿಟ್ಟಳು. ನಿನ್ನ ಅಪ್ಪ ಹೋದ ಮೇಲೆ ಗಾಜಿನ ಬಳೆ ಈ ಕೈಗೆ ಏರಿರಲಿಲ್ಲ. ಬೇಡ ಅನ್ನಬೇಕೆಂದು ನನಗೆ ಅನ್ನಿಸಲಿಲ್ಲ. ಕೆಲಸದ ಹೊತ್ತಿನಲ್ಲಿ ತೆಗೆದು ಕಿಟಕಿಯಲ್ಲಿ ಇಡುತ್ತೇನೆ.

ಉತ್ತರ ತಡವಾದದ್ದು ಹೀಗೆ. ಇಂಜಿನ್ ಓಡಿಸಿ ನೋಡಿದ್ದಾಗಿದೆ, ಹಾರಾಟದ ಅನುಮತಿಯೂ ಕೈಗೆ ಬಂದಿದೆ. ಮಳೆ ಹಿಂದೆ ಸರಿದ ಮೇಲೆ, ದಸರೆಯ ಆಚೀಚೆ, ಗಾಳಿ ಇಲ್ಲದ ಒಂದು ಮುಂಜಾನೆ ಅದು ನೆಲ ಬಿಡುತ್ತದೆ. ವಿಮಾನ ಮಾರುವುದಿಲ್ಲ. ನಿನ್ನ ಷರತ್ತಿಗೆ ನನ್ನ ಒಪ್ಪಿಗೆ ಇಲ್ಲ. ಅವ್ವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನಿನಗಿದೆ, ಬೇಕಾದಷ್ಟು ದಿನ ಮಾಡಿಕೋ. ಆದರೆ ಫೋನ್ ಎತ್ತಿಯೇ ಬೈಯಬಾರದೇ? ನಿನ್ನ ದನಿ ಕೇಳದೆ ಮನೆ ಬಿಕೋ ಅನ್ನುತ್ತಿದೆ. ಬಾಳೆಹಣ್ಣು ರುಚಿಯಾಗಿತ್ತೆಂದು ಮೌನೇಶನಿಗೆ ಹೇಳು.

ನಿನ್ನ ಅವ್ವ,
ನೀಲಗಂಗಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ವಿಮಾನ ಹಾರಿಸುವವಳು ನಾನಲ್ಲ. ಫೆಬ್ರವರಿಯಲ್ಲಿ ಹೈದರಾಬಾದಿನ ಡಾಕ್ಟರು ನನ್ನ ಬಲಗಣ್ಣಿಗೆ ಪಕ್ಕದ ನೋಟ ಕಡಿಮೆಯಾಗಿದೆ ಎಂದು ಹಾರುವ ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ. ಗಾಬರಿಯಾಗಬೇಡ, ಔಷಧಿ ಹಾಕಿಕೊಳ್ಳುತ್ತಿದ್ದೇನೆ, ಹತ್ತಿರದ್ದೆಲ್ಲ ಚೆನ್ನಾಗಿ ಕಾಣುತ್ತದೆ. ನಿನಗೆ ಹೇಳಿದರೆ ಪೇಢೆ ಹಂಚುತ್ತೀಯೆಂದು ಹೇಳಲಿಲ್ಲ. ಹಾರಿಸುವವನು ತಾರಿಖ್, ನಿನ್ನ ಜೊತೆ ಪಿಯುಸಿ ಓದಿದವನು, ಮೆಹಬೂಬಿಯ ಮಗ. ಹೈದರಾಬಾದಿನಲ್ಲಿ ಈಗ ಹಾರಲು ಕಲಿಸುತ್ತಾನೆ. ನಾನು ಕೇಳಿ ಮುಗಿಸುವ ಮೊದಲೇ ಒಪ್ಪಿಕೊಂಡ. ಅವನ ಅವ್ವ ಮಾತ್ರ ಶೆಡ್ಡಿಗೆ ಬಂದು, ನಿನ್ನ ಹೆಸರು ಹಿಡಿದು ಕೇಳಿ ಹೋದಳು. ನಾನೇ ಕೂಡುವವಳಿದ್ದಾಗ ನನಗೆ ಒಂದು ದಿನವೂ ಹೆದರಿಕೆ ಆಗಲಿಲ್ಲ, ನಿನ್ನ ಹೆದರಿಕೆ ಬರೀ ರಗಳೆ ಅನ್ನಿಸುತ್ತಿತ್ತು. ಈಗ ಆ ಹುಡುಗ ಮೇಲೆ, ನಾನು ಕೆಳಗೆ ಎಂದು ನೆನೆದರೆ ರೊಟ್ಟಿ ಬಿಟ್ಟು ಎದ್ದು, ಟಾರ್ಚು ಹಿಡಿದು ರಿವೆಟ್ಟುಗಳನ್ನು ಮತ್ತೆ ನೋಡಲು ಹೋಗುತ್ತೇನೆ. ಕೆಳಗೆ ನಿಲ್ಲುವುದು ನಿನಗೆ ಮೊದಲಿನಿಂದ ಗೊತ್ತು, ನನಗೆ ಹೊಸದು. ಆವತ್ತು ಬಂದು ನನ್ನ ಪಕ್ಕ ನಿಲ್ಲು, ಮಗಳೇ.