ಐವತ್ತೆಂಟನೇ ಮನೆ

ಹೋರ್ನಿ ವರ್ಬಿಂಕಾ, ಮನೆ ಸಂಖ್ಯೆ 58
16 ಮಾರ್ಚ್ 2008, ಭಾನುವಾರ

ಪ್ರೀತಿಯ ತಂಗಿ ಹೆಡ್ವಿಕಾ,

ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೂ, ಜನವರಿಯ ಕಾಗದಕ್ಕೂ, ಆಮೇಲೆ ಬಂದ ಉಣ್ಣೆಯ ಕಾಲುಚೀಲಕ್ಕೂ ನಾನು ಉತ್ತರ ಬರೆಯಲಿಲ್ಲ. ಮೂರಕ್ಕೂ ಸೇರಿಸಿ ಒಂದೇ ಸಲ ಬೈದುಬಿಡು. ಕಾಲುಚೀಲ ಈಗಲೂ ಕಾಲಲ್ಲೇ ಇದೆ. ಬರೆಯೋಣ ಅಂತ ಕೂತಾಗಲೆಲ್ಲ ಪೆನ್ನು ಹಿಡಿದು ಕಿಟಕಿಯ ಕಡೆ ನೋಡುತ್ತ ಇದ್ದುಬಿಡುತ್ತಿದ್ದೆ. ವ್ಲಾಸ್ತಾ ಇದ್ದಾಗ ಪತ್ರದ ಮೊದಲರ್ಧ ನನ್ನದು, ಕೊನೆಯರ್ಧ ಅವಳದು. ನಲವತ್ತು ವರ್ಷ ಸಂಸಾರ ಮಾಡಿ ನನಗೆ ಬಂದದ್ದು ಮೊದಲರ್ಧ ಬರೆಯುವುದಷ್ಟೇ.

ಇಲ್ಲಿ ಹಿಮ ಕರಗಿದೆ. ಹೊಳೆಯ ಪಕ್ಕದ ವಿಲೋ ಗಿಡಗಳಲ್ಲಿ ಬೆಕ್ಕಿನ ಮರಿಯಂಥ ಮೊಗ್ಗು ಬಂದಿದೆ. ಗರಿಗಳ ಭಾನುವಾರವಲ್ಲವೇ, ಇವತ್ತು ಚರ್ಚಿನಲ್ಲಿ ಗರಿಯ ಬದಲು ಅದನ್ನೇ ಹಿಡಿದುಕೊಂಡು ನಿಂತಿದ್ದೆವು, ಪಾದ್ರಿಯನ್ನೂ ಸೇರಿಸಿ ಒಂಬತ್ತು ಜನ. ಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ. ಇಷ್ಟು ಸುದ್ದಿ ಸಾಕು. ಇವತ್ತು ನಾನು ಬರೆಯಲು ಕೂತದ್ದು ಸಿಟ್ಟು ತಡೆಯಲಾರದೆ.

ನಮ್ಮ ಊರಿನ ಮನೆಗಳ ಸಂಖ್ಯೆಯನ್ನೆಲ್ಲ ಬದಲಾಯಿಸಿಬಿಟ್ಟರು ಹೆಡ್ವಿಕಾ. ಫೆಬ್ರವರಿ ಹದಿನೈದಕ್ಕೆ, ಅಗ್ನಿಶಾಮಕ ದಳದ ಕೋಣೆಯಲ್ಲಿ, ಪಂಚಾಯಿತಿ ಸೇರಿ ತೀರ್ಮಾನ ಮಾಡಿದ್ದಾಯಿತು. ಏಳು ಜನ ಸದಸ್ಯರು, ಏಳು ಕೈ ಮೇಲೆ. ಏಪ್ರಿಲ್ ಒಂದರಿಂದ ಜಾರಿ. ತಾರೀಖನ್ನು ನೋಡು. ಊರನ್ನು ಮೂರ್ಖ ಮಾಡುವುದಕ್ಕೆ ಬೇರೆ ದಿನ ಸಿಗಲಿಲ್ಲ ಅವರಿಗೆ.

ಈ ಕೆಲಸ ಮಾಡಿಸಿದವಳು ರಾಡ್ಕಾ. ಕೆಳಗಿನ ಸೇತುವೆ ಹತ್ತಿರದ ಕ್ಷೌರಿಕನ ಮೊಮ್ಮಗಳು, ಮರೆತಿಲ್ಲ ತಾನೆ? ನಾನು ಅಧ್ಯಕ್ಷಗಿರಿ ಬಿಟ್ಟ ಮೇಲೆ ಒಂದೂವರೆ ವರ್ಷದಿಂದ ಅವಳೇ ಊರಿನ ಅಧ್ಯಕ್ಷೆ. ನಾನು ಈಗ ಬರೀ ಸದಸ್ಯ. ಅವಳ ಮೂಗು ಒರೆಸಿ ಬೆಳೆಸಿದ ಊರು ಇದು.

ಸಭೆಗೆ ಪಟ್ಟಣದ ಕಚೇರಿಯಿಂದ ಇಂಜಿನಿಯರ್ ಕುಬಾತ್ ಅಂತ ಒಬ್ಬ ಬಂದಿದ್ದ. ಹೊಸ ಬೂಟು, ಹೊಸ ಕಂಪ್ಯೂಟರು. ಕೆಳಗಿನ ಸೇತುವೆಯಿಂದ ಶುರು ಮಾಡಿ ರಸ್ತೆಗುಂಟ ಮೇಲಕ್ಕೆ ಒಂದು, ಎರಡು, ಮೂರು ಅಂತ ಎಣಿಸಿ ಮೂವತ್ತನಾಲ್ಕಕ್ಕೆ ಮುಗಿಸಿದ. ಪರದೆಯ ಮೇಲೆ ನಮ್ಮ ಊರು ಒಂದನೇ ತರಗತಿಯ ಮಕ್ಕಳು ಸಾಲಾಗಿ ನಿಂತ ಹಾಗೆ ಕಾಣುತ್ತಿತ್ತು.

"ಎಷ್ಟು ನೀಟಾಗಿದೆ ನೋಡಿ" ಅಂದ.

ಹೋಟೆಲಿನ ಓತಕಾರ್ ಬಿಯರ್ ಹೀರುತ್ತ, "ನನ್ನ ಹೋಟ್ಲಿಗೆ ಹದಿಮೂರು ಬಂದಿದೆಯಲ್ಲಪ್ಪ" ಅಂದ. ಮತ್ತೆ ತಾನೇ ಸಮಾಧಾನ ಮಾಡಿಕೊಂಡ: "ಇರಲಿ ಬಿಡಿ, ನನ್ನ ಗಿರಾಕಿಗಳಿಗೆ ಬಾಗಿಲೇ ಎರಡೆರಡು ಕಾಣತ್ತೆ. ಅಪಶಕುನಕ್ಕೂ ಯಾವ ಬಾಗಿಲಿಗೆ ಹೋಗ್ಬೇಕು ಅಂತ ಗೊತ್ತಾಗಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎದ್ದು ನಿಂತೆ.

ನಮ್ಮ ಊರಿನಲ್ಲಿ ಸಂಖ್ಯೆ ಅಂದರೆ ಸಾಲು ಅಲ್ಲ, ವಯಸ್ಸು. ಮೊದಲು ಕಟ್ಟಿದ ಮನೆಗೆ ಒಂದು, ಆಮೇಲೆ ಕಟ್ಟಿದ್ದಕ್ಕೆ ಎರಡು, ಅದು ಊರಿನ ಯಾವ ಮೂಲೆಯಲ್ಲಾದರೂ ಇರಲಿ. ಹಾಗಾಗಿಯೇ ನಮ್ಮ ಐವತ್ತೆಂಟು, ಒಂಬತ್ತು ಮತ್ತು ಎಪ್ಪತ್ತೊಂದರ ನಡುವೆ ಕೂತಿದೆ. ಎಂಬತ್ತೇಳು ಮನೆ ಇದ್ದ ಊರು. ಯುದ್ಧ ಮುಗಿದು ಇಲ್ಲಿದ್ದ ಜರ್ಮನರನ್ನು ಓಡಿಸಿದ ಮೇಲೆ ಅರ್ಧ ಖಾಲಿಯಾಯಿತು, ಗಡಿ ಹತ್ತಿರ ಅಂತ ಸೈನ್ಯದವರು ಬಂದು ಉಳಿದದ್ದರಲ್ಲಿ ಕಂಡಕಂಡದ್ದನ್ನು ನೆಲಸಮ ಮಾಡಿದರು. ಆದರೆ ಬಿದ್ದ ಮನೆಯ ಸಂಖ್ಯೆಯನ್ನು ಇನ್ನೊಂದು ಮನೆಗೆ ಕೊಡುವಂತಿಲ್ಲ ಅಂತ ನಿಯಮ. ಸತ್ತ ಅಜ್ಜನ ಹೆಸರನ್ನಾದರೂ ಮೊಮ್ಮಗನಿಗೆ ಇಡುತ್ತೇವೆ, ಬಿದ್ದ ಮನೆಯ ಸಂಖ್ಯೆಯನ್ನು ಯಾರಿಗೂ ಇಡುವುದಿಲ್ಲ. ಆ ಮನೆ ಹೋದರೂ ಅದರ ಜಾಗ ಎಣಿಕೆಯಲ್ಲಿ ಉಳಿಯುತ್ತಿತ್ತು. ಹಲ್ಲು ಬಿದ್ದಲ್ಲಿ ನಾಲಿಗೆ ಹೋಗಿ ಮುಟ್ಟಿ ನೋಡುತ್ತದಲ್ಲ, ಹಾಗೆ.

ಇದನ್ನೆಲ್ಲ ಹೇಳಿದೆ. ಪ್ರತಿ ಜೂನ್‌ನಲ್ಲಿ ಗಡಿಯಾಚೆ ಜರ್ಮನಿಯ ಬವೇರಿಯಾದಿಂದ ಬರುವ ಆ ಮುದುಕಿ ಅನ್ನೆಲೀಸೆಯ ಕತೆಯನ್ನೂ ಹೇಳಿದೆ. ಆಕೆ ಹುಟ್ಟಿದ್ದು ಐವತ್ತೆರಡನೇ ಮನೆಯಲ್ಲಿ. ಬಸ್ಸಿಳಿದು, ಹರಕುಮುರುಕು ಚೆಕ್ ಭಾಷೆಯಲ್ಲಿ "ಐವತ್ತೆರಡು, ದಯವಿಟ್ಟು" ಅಂತ ಕೇಳುತ್ತಾಳೆ. ನಾನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಇರುವುದು ಒಂದು ಸೇಬಿನ ಮರ. ಅದರ ಬುಡದಲ್ಲಿ ಕಾಲು ಗಂಟೆ ನಿಂತು, ನನ್ನ ಕೈ ಕುಲುಕಿ ಹೋಗುತ್ತಾಳೆ.

"ಇನ್ನು ಮೇಲೆ ಬಂದ್ರೆ ಏನು ಹೇಳಲಿ? ಅಮ್ಮಾ, ನಮ್ಮೂರಿನ ಲೆಕ್ಕ ಮೂವತ್ತನಾಲ್ಕಕ್ಕೇ ಮುಗಿದುಹೋಗತ್ತೆ, ನೀವು ಹುಟ್ಟಿಯೇ ಇಲ್ಲ ಅಂತ ಹೇಳ್ಲಾ?" ಅಂದೆ.

ಕುಬಾತ್ ಪರದೆ ತಡಕಾಡಿದ. "ಸರ್, ಆ ಐವತ್ತೆರಡು ಎಲ್ಲಿದೆ ತೋರಿಸಿ."

"ಸೇಬಿನ ಮರದ ಕೆಳಗೆ."

"ಮರಕ್ಕೆಲ್ಲ ವಿಳಾಸ ಬರಲ್ಲ ಸರ್."

ಕೇಳಿದೆಯಾ? ಮೂವತ್ತು ವರ್ಷವೂ ತುಂಬದವನ ಬಾಯಲ್ಲಿ ಈ ಮಾತು. ಈ ಪಟ್ಟಣದವರು ನಮ್ಮನ್ನು ಯಾವತ್ತು ಇದ್ದಲ್ಲಿ ಇರಲು ಬಿಟ್ಟಿದ್ದಾರೆ ಹೇಳು? ನಮ್ಮಪ್ಪ ಒಂದೇ ಒಲೆಯ ಮುಂದೆ ಕೂತು ಮೂರು ಜಿಲ್ಲೆಗಳಲ್ಲಿ ಬಾಳಿದ. ಊರು ಒಂದಡಿ ಅಲುಗಲಿಲ್ಲ, ಗೆರೆಗಳೇ ನಮ್ಮ ತಲೆಯ ಮೇಲೆ ಓಡಾಡಿದವು. ಈಗಲೂ ನಮಗೆ ಟಪಾಲು ಒಂದು ಪಟ್ಟಣದಿಂದ, ಡಾಕ್ಟರು ಇನ್ನೊಂದರಿಂದ, ಪೊಲೀಸು ಮತ್ತೊಂದರಿಂದ. ಸ್ಮಶಾನದ ದಿಬ್ಬ ಹತ್ತಿದರೆ ಮೊಬೈಲು ಬವೇರಿಯಾದ ಕಂಪನಿಯ ಮಾತು ಕೇಳುತ್ತದೆ. ದಿನಕ್ಕೆ ಎರಡೇ ಬಸ್ಸು, ಮೂರನೆಯದು ಕೊಡಿ ಅಂತ ಹನ್ನೆರಡು ವರ್ಷ ಅರ್ಜಿ ಬರೆದವನು ನಾನು. ಬಸ್ಸು ಕೇಳಿದೆವು, ಸಂಖ್ಯೆ ಕೊಟ್ಟರು.

ಮತ್ತೆ ಇದು ಅವರಿಗೆ ಹೊಸದಾಗಿ ಹೊಳೆದದ್ದೂ ಅಲ್ಲ. ನಾನು ಅಧ್ಯಕ್ಷನಾಗಿದ್ದಾಗಲೇ, ಆರು ವರ್ಷದ ಹಿಂದೆ, ಇದೇ ಕಚೇರಿಯಿಂದ ಇದೇ ಸಲಹೆ ಬಂದಿತ್ತು. ಆಗ ಸಭೆಯಲ್ಲಿ ನಾನು ಹೇಳಿದ್ದು ಒಂದೇ ಕತೆ, ನಮ್ಮಪ್ಪನದು. ನಿನಗೆ ಬಾಯಿಪಾಠ ಇದೆ, ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ನಲವತ್ತಾರನೇ ಇಸವಿಯ ವಸಂತ. ನನಗೆ ಐದು ವರ್ಷ, ನೀನಿನ್ನೂ ಹುಟ್ಟಿರಲಿಲ್ಲ. ಒಂದು ಗಾಡಿ, ಎರಡು ಮೇಕೆ, ಗರಿಯ ಹಾಸಿಗೆ, ಅಮ್ಮ, ನಾನು. ಖಾಲಿಯಾದ ಮನೆಗಳನ್ನು ಹಂಚುತ್ತಿದ್ದ ಅಧಿಕಾರಿ ಅಪ್ಪನ ಕೈಗೆ ಒಂದು ಚೀಟಿ ಕೊಟ್ಟ, ಅದರಲ್ಲಿ ಐವತ್ತೆಂಟು ಅಂತ ಮಾತ್ರ ಬರೆದಿತ್ತು. ಅಪ್ಪ ಬೆಳಿಗ್ಗೆಯಿಂದ ಹುಡುಕಿದ. ಐವತ್ತಾರು ಸಿಕ್ಕಿತು, ಪಕ್ಕದಲ್ಲಿ ಐವತ್ತೆಂಟು ಇರಲಿಲ್ಲ. ಕೊನೆಗೆ ಸಿಟ್ಟು ಬಂದು, "ಎರಡು ಸಂಖ್ಯೆ ಆಚೀಚೆ, ಸರ್ಕಾರ ಏನು ನೇಣು ಹಾಕತ್ತಾ" ಅಂತ ಐವತ್ತಾರಕ್ಕೇ ನುಗ್ಗಿದ. ಒಲೆ ಹಚ್ಚಿದ. ಅಮ್ಮ ಆಲೂಗಡ್ಡೆ ಸೂಪಿಗೆ ಜೀರಿಗೆ ಹಾಕುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಕ್ಷೌರಿಕ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಚೀಟಿ.

"ಇದು ನನ್ನ ಮನೆ" ಅಂದ.

"ಸೂಪು ನನ್ನದು" ಅಂದ ಅಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕ್ಷೌರಿಕ ಕೂತ, ಎರಡು ತಟ್ಟೆ ಕುಡಿದ, ಆಮೇಲೆ ಅಪ್ಪನ ಗಡ್ಡ ಬೋಳಿಸಿ, ದೀಪ ಹಿಡಿದು, ತನ್ನದನ್ನು ಹುಡುಕುವಾಗ ಕಂಡಿದ್ದ ಮೇಲಿನ ಐವತ್ತೆಂಟಕ್ಕೆ ತಾನೇ ದಾರಿ ತೋರಿಸಿದ. ಸಾಯುವವರೆಗೂ ಇಬ್ಬರೂ ಸ್ನೇಹಿತರು. "ಸಂಖ್ಯೆ ಸರಿಯಾಗಿದ್ದಿದ್ದರೆ ಈ ಊರಲ್ಲಿ ಯಾರಿಗೂ ಯಾರೂ ಗೊತ್ತಾಗುತ್ತಿರಲಿಲ್ಲ" ಅಂತ ಮುಗಿಸಿದ್ದೆ. ಆವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಪಟ್ಟಣದ ಕಾಗದವನ್ನು ನಾನು ಮೊಹರಿನ ಡಬ್ಬಿಯ ಕೆಳಗೆ ಸೇರಿಸಿದ್ದೆ.

ಈ ಸಲವೂ ಅದೇ ಕತೆ ಹೇಳಿದೆ. ಒಬ್ಬರೂ ನಗಲಿಲ್ಲ. ಕ್ಷೌರಿಕನ ಮೊಮ್ಮಗಳೇ ಮುಂದೆ ಕೂತಿದ್ದಾಳೆ, ಅವಳೂ ನಗಲಿಲ್ಲ. ಗಸಗಸೆ ರೊಟ್ಟಿ ಕತ್ತರಿಸಿ ನನ್ನ ಮುಂದಿಟ್ಟಳು.

"ಮಾಮ, ಮಾತು ಮುಗೀತಾ?"

"ಮುಗಿದಿಲ್ಲ."

"ಹಾಗಾದ್ರೆ ಹೇಳಿ. ನಮಗೇನು ಆತುರ ಇಲ್ಲ."

ಇದಕ್ಕಿಂತ ಅವಮಾನ ಉಂಟಾ? ಜಗಳಕ್ಕೆ ಬಂದವನಿಗೆ ಜಗಳ ಕೊಡಬೇಕು. ನಾನು ಅಧ್ಯಕ್ಷನಾಗಿದ್ದಾಗ ಈ ಓತಕಾರ್ ಬೀದಿ ದೀಪದ ವಿಷಯಕ್ಕೆ ನನ್ನ ಮೇಲೆ ಬಿಯರ್ ಲೋಟ ಎಸೆದಿದ್ದ. ಅದು ಸಭೆ. ಈಗ ಎಲ್ಲರೂ ರೋಗಿಯನ್ನು ನೋಡಲು ಬಂದವರ ಹಾಗೆ ಮೆತ್ತಗೆ ಕೂತು, ನಾನು ಅರ್ಧ ಗಂಟೆ ಕೂಗಾಡುವುದನ್ನು ಕೇಳಿಸಿಕೊಂಡು, ಆಮೇಲೆ ಮತಕ್ಕೆ ಹಾಕಿದರು. ಬರೀ ಎರಡು ನಿಮಿಷ.

ಮೊನ್ನೆ ಗುರುವಾರ ಹೊಸ ಸಂಖ್ಯೆಯ ತಗಡುಗಳು ಬಂದವು. ರಾಡ್ಕಾ ತಾನೇ ಮನೆಮನೆಗೆ ಹಂಚಿದಳು. ನಮ್ಮ ಮನೆ ಇನ್ನು ಮೂವತ್ತೊಂದು. ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಂದಿದ್ದಳು.

"ನಾನೇ ಹಾಕ್ಕೊಡ್ಲಾ ಮಾಮ?"

"ನನಗೇನು ಕೈ ಬಿದ್ದುಹೋಗಿದೆಯಾ?"

"ಇಲ್ಲಪ್ಪ, ಕೇಳ್ದೆ ಅಷ್ಟೆ." ಹೊರಡುವಾಗ ಹಳೆಯ ಸಂಖ್ಯೆಯ ತಗಡನ್ನು ಅಂಗೈಯಿಂದ ಒಂದು ಸಲ ಒರೆಸಿ ಹೋದಳು. ಅದಕ್ಕೂ ನನಗೆ ಸಿಟ್ಟು ಬಂತು.

ಇದು ನೀನು ಹುಟ್ಟಿದ ಮನೆ, ಹೆಡ್ವಿಕಾ. ನಿನ್ನ ಜನನ ಪತ್ರದಲ್ಲಿ ಐವತ್ತೆಂಟು ಅಂತಿದೆ. ಇನ್ನು ನೀನೂ ಆ ಜರ್ಮನ್ ಮುದುಕಿಯ ಹಾಗೆ ಬಸ್ಸಿಳಿದು "ಐವತ್ತೆಂಟು, ದಯವಿಟ್ಟು" ಅಂತ ಕೇಳಬೇಕು. ಒಂದು ಅರ್ಜಿ ಬರೆದು ನಿಮ್ಮ ಪಾರ್ದುಬಿತ್ಸೆಯಿಂದಲೇ ಕಳಿಸು, ಇಲ್ಲಿ ಹುಟ್ಟಿದವಳು ಅಂತ. ಏನೂ ಆಗುವುದಿಲ್ಲ, ಆದರೂ ಆ ಕುಬಾತ್‌ಗೆ ಉತ್ತರ ಬರೆಯುವ ಕಷ್ಟವಾದರೂ ಬರಲಿ.

ಮುಂದಿನ ಭಾನುವಾರ ಈಸ್ಟರ್. ನಿನ್ನ ಮೊಮ್ಮಕ್ಕಳಿಗೆ ಬಣ್ಣದ ಮೊಟ್ಟೆ ಕೈತುಂಬ ಸಿಗಲಿ. ನಿನ್ನ ಸೊಂಟ ನೋವು ಹಿಮದ ಜೊತೆಗೇ ಕರಗಿ ಹೋಗಲಿ. ದೇವರು ನಿನ್ನನ್ನು ನನಗಿಂತ ಹೆಚ್ಚು ದಿನ ಇಟ್ಟಿರಲಿ, ನನ್ನ ಕಾಗದಗಳಿಗೆ ಬೈಯಲು ಒಬ್ಬರು ಬೇಕು.

ನಿನ್ನ ಅಣ್ಣ,
ವೆಂಡೆಲಿನ್

ತಾ. ಕ.: ಈ ಭಾಗ ವ್ಲಾಸ್ತಾ ಬರೆಯುತ್ತಿದ್ದಳು. ಈಗ ನಾನೇ ಬರೆಯಬೇಕು.

ನೀನು ಲೆಕ್ಕದಲ್ಲಿ ಚುರುಕು. ಏಳು ಸದಸ್ಯರು, ಏಳು ಕೈ ಅಂತ ಓದಿದಾಗಲೇ ನಿನಗೆ ಗೊತ್ತಾಗಿರಬೇಕು. ಏಳನೆಯದು ನನ್ನ ಕೈ.

ನವೆಂಬರಿನಲ್ಲಿ ವ್ಲಾಸ್ತಾಳ ಮಣ್ಣಿಗೆ ಬಂದಾಗ ನೀನು ಕೇಳಿದೆ, ಹೇಗಾಯಿತು ಅಂತ. ಎದೆ ಹಿಡಿದುಕೊಂಡಳು, ಒಂದೇ ಗಳಿಗೆ, ಯಾರೂ ಏನೂ ಮಾಡುವಂತಿರಲಿಲ್ಲ ಅಂದೆ. ಸುಳ್ಳು ಹೇಳಿದೆ. ಮಧ್ಯಾಹ್ನ ಎರಡೂವರೆ, ಹೊರಗೆ ಮಂಜು. ಫೋನು ಮಾಡಿದೆ. ಆ ಕಡೆಯ ಹುಡುಗಿ ಮನೆ ಸಂಖ್ಯೆ ಕೇಳಿದಳು. ಐವತ್ತೆಂಟು ಅಂದೆ. ಒಂಬತ್ತರ ಪಕ್ಕದ್ದು ಅನ್ನಲು ಹೊಳೆಯಲಿಲ್ಲ, ಊರಿಗೆಲ್ಲ ಗೊತ್ತಿರುವ ಮನೆಯಲ್ಲವೇ. ಆಂಬುಲೆನ್ಸ್ ಇಪ್ಪತ್ತು ನಿಮಿಷದಲ್ಲಿ ಊರಿಗೆ ಬಂತು. ಅದರ ನೀಲಿ ದೀಪ ಮಂಜಿನಲ್ಲಿ ಸೇತುವೆ ಹತ್ತಿರ, ಐವತ್ತಾರರ ಮುಂದೆ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಆಮೇಲೆ ಚರ್ಚಿನ ಕಡೆ ಹೋಯಿತು. ತಿರುಗಿ ಸೇತುವೆಗೆ ಬಂತು. ವ್ಲಾಸ್ತಾ ನನ್ನ ಕೈ ಹಿಡಿದಿದ್ದಳು, ಬಿಡಿಸಿಕೊಂಡು ಓಡಲು ಆಗಲಿಲ್ಲ. "ಬಂದ್ರಾ?" ಅಂದಳು. "ಬಂದ್ರು" ಅಂದೆ. ಇನ್ನೊಂದು ಸಲ ಕೇಳಲಿಲ್ಲ.

ಕೊನೆಗೆ ಮಂಜಿನೊಳಗಿಂದ ರಾಡ್ಕಾ ಓಡಿ ಬಂದಳು, ಮನೆಯ ಚಪ್ಪಲಿಯಲ್ಲೇ, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ಅವಳ ಹಿಂದೆ ಗಾಡಿ. ಗಾಡಿ ಊರೊಳಗೆ ಬಂದ ಮೇಲೆಯೇ ಹದಿನಾಲ್ಕು ನಿಮಿಷ ಕಳೆದಿತ್ತು. ಒಳಗೆ ಬಂದ ಚಾಲಕ ಟೊಪ್ಪಿ ತೆಗೆದು, "ಐವತ್ತೇಳು ಹುಡುಕ್ತಿದ್ವಿ ಸರ್, ಅದರ ಪಕ್ಕದಲ್ಲಿರತ್ತೆ ಅಂದ್ಕೊಂಡು" ಅಂದ. ಐವತ್ತೇಳನ್ನು ಸೈನ್ಯದವರು ಕೆಡವಿದಾಗ ನನಗೆ ಹದಿನೈದು ವರ್ಷ.

ಮೊಹರಿನ ಡಬ್ಬಿಯ ಕೆಳಗಿಟ್ಟ ಆ ಕಾಗದದಲ್ಲಿ ಒಂದು ಸಾಲು ಇತ್ತು, ತುರ್ತು ವಾಹನಗಳಿಗೆ ಮನೆ ಬೇಗ ಸಿಗಲಿ ಅಂತ. ಆವತ್ತು ನನ್ನ ಭಾಷಣಕ್ಕೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ವ್ಲಾಸ್ತಾ.

ಈ ಫೆಬ್ರವರಿಯ ಸಭೆಯಲ್ಲಿದ್ದ ಊರಿನವರಿಗೆಲ್ಲ ಇದು ಗೊತ್ತು. ಒಬ್ಬರಾದರೂ ಬಾಯಿ ಬಿಡಲಿಲ್ಲ. "ನಿನ್ನ ಹೆಂಡತಿ" ಅಂತ ಯಾರಾದರೂ ಅಂದಿದ್ದರೆ ಕುರ್ಚಿ ಎತ್ತಿ ಎಸೆದು, ವಿರುದ್ಧ ಮತ ಹಾಕಿ, ನೆಮ್ಮದಿಯಾಗಿ ಮನೆಗೆ ಬರುತ್ತಿದ್ದೆ. ಅದೊಂದು ಅವಕಾಶವನ್ನೂ ನನಗೆ ಕೊಡಲಿಲ್ಲ ಅವರು. ರಾಡ್ಕಾ ಲೋಟಕ್ಕೆ ಚಹಾ ಸುರಿದು ಕಾಯುತ್ತ ಕೂತಳು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಇದನ್ನು ಅವರಿಗೆ ಹೇಗೆ ಕ್ಷಮಿಸಲಿ, ನೀನೇ ಹೇಳು.

ಹೊಸ ತಗಡು ನಿನ್ನೆ ನಾನೇ ಹಾಕಿದೆ. ಹಳೆಯದನ್ನು ಕಿತ್ತು ವ್ಲಾಸ್ತಾಳ ದಿಂಬಿನ ಕಡೆ ಇಟ್ಟಿದ್ದೇನೆ. ಕಾಗದದ ಮೇಲ್ಗಡೆ ಐವತ್ತೆಂಟು ಅಂತ ಬರೆದದ್ದು ಹಳೆಯ ಚಾಳಿ. ನೀನು ಉತ್ತರ ಬರೆಯುವಾಗ ಮೂವತ್ತೊಂದು ಅಂತಲೇ ಬರೆ. ಬೇಗ ತಲುಪುತ್ತದಂತೆ.