ಮೂರು ತಿಂಗಳ ಮುದ್ರೆ

ಹುವಾಂಬೊ,
9 ಮಾರ್ಚ್ 1976

ನನ್ನ ಎವರಿಸ್ಟೊ,

ಜೈಲಿನಲ್ಲಿರುವವರನ್ನು ಚೆನ್ನಾಗಿದ್ದೀರಾ ಎಂದು ಕೇಳುವುದು ಹೇಗೆ? ಆದರೂ ಕೇಳುತ್ತೇನೆ, ಚೆನ್ನಾಗಿದ್ದೀರಾ? ಅಲ್ಲಿ ಅಡುಗೆ ಮಾಡುವ ಮುದುಕಿ ತೆರೆಜಾ ಈ ಕಾಗದವನ್ನು ಬುತ್ತಿಯ ಬಟ್ಟೆಯೊಳಗಿಟ್ಟು ತರುತ್ತಾಳೆ. ಓದಿ ಸುಟ್ಟುಬಿಡಿ. ಜೋಳದ ಮುದ್ದೆ, ಒಣಮೀನು ಇದೆ. ಉಪ್ಪು ಎಲ್ಲೂ ಸಿಗಲಿಲ್ಲ, ಮುಖ ಸಿಂಡರಿಸಬೇಡಿ.

ನಿನ್ನೆ ನಿಮ್ಮ ಸೋದರಮಾವ ಕಪಿಟಾಂಗೊ ಬಂದಿದ್ದರು. "ನನ್ನ ಅಳಿಯನ ಹಟ ನೋಡಮ್ಮ, ಮೇಕೆ ಕೊಟ್ಟು ಬಟ್ಟೆ ಕೊಟ್ಟು ಹೆಣ್ಣು ಕೇಳಿದ್ದು ನಾನು, ಇವನು ಮೂರು ವರ್ಷ ಮದುವೇನೇ ಆಗ್ಲಿಲ್ಲ" ಎಂದು ಹಳೆಯ ರಾಗ ತೆಗೆದರು. ನನಗೂ ಸಿಟ್ಟು ಬಂತು, ನಿಮ್ಮ ಮೇಲೆ. ಮದುವೆಯ ಕಾಗದದ ಮೇಲೆ ಪೋರ್ಚುಗೀಸರ ಮುದ್ರೆ ಬೇಡ, ಸ್ವತಂತ್ರ ದೇಶದ ಮುದ್ರೆ ಬರಲಿ ಎಂದು ಕಾಯಿಸಿದವರು ನೀವು. ಸ್ವಾತಂತ್ರ್ಯ ಬಂತು. ಅದೇ ದಿನ ಎರಡು ಸರ್ಕಾರ ಹುಟ್ಟಿದವು, ರಾಜಧಾನಿ ಲುವಾಂಡದಲ್ಲೊಂದು, ಇಲ್ಲಿ ನಮ್ಮದೊಂದು. ನಮ್ಮದನ್ನು ಜಗತ್ತಿನಲ್ಲಿ ಒಂದೇ ಒಂದು ದೇಶವೂ ಒಪ್ಪಲಿಲ್ಲ. ನೀವು ಮಾತ್ರ ಅದರ ನೋಂದಣಿ ಕಚೇರಿ ಸೇರಿ, ಹೊಸ ಮುದ್ರೆಯ ಮೊದಲ ಮದುವೆ ನಮ್ಮದೇ ಆಗಬೇಕೆಂದು ಕುಣಿದಿರಿ. ವರನ ಉದ್ಯೋಗ ಎಂಬಲ್ಲಿ ನೋಂದಣಾಧಿಕಾರಿ ಎಂದು ದಪ್ಪ ಅಕ್ಷರದಲ್ಲಿ ನೀವೇ ಬರೆದಿರಿ. "ಸ್ವಲ್ಪ ಸಣ್ಣದಾಗಿ ಬರೀರಿ ದೊಡ್ಡ ಮನುಷ್ಯರೇ" ಎಂದು ನಾನು ನಕ್ಕಿದ್ದು ನೆನಪಿದೆಯೇ? ಮೂರು ತಿಂಗಳೂ ಆಗಲಿಲ್ಲ, ಲುವಾಂಡದ ಸೈನ್ಯ ಊರೊಳಗೆ ಬಂತು, ನಮ್ಮ ಸರ್ಕಾರದವರೆಂದು ಅನುಮಾನ ಬಂದವರನ್ನೆಲ್ಲ ಜೈಲಿಗೆ ಹಾಕಿತು.

ಕಚೇರಿಯ ಕೆಲಸ ಮುಚ್ಚಿಟ್ಟು, ಮಿಷನ್ ಶಾಲೆಯ ಮೇಷ್ಟ್ರು ಎಂದು ನೀವು ಅವರಿಗೆ ಹೇಳಿದ್ದು ಒಳ್ಳೆಯದಾಯಿತು. ಶಾಲೆಯವರೂ ಹೌದು ಎಂದಿದ್ದಾರೆ. ಮುಂದಿನ ವಾರ ಮೇಷ್ಟ್ರುಗಳನ್ನೆಲ್ಲ ಬಿಡುತ್ತಾರಂತೆ. ಮದುವೆಯ ಕಾಗದ ಬಟ್ಟೆಯ ಪೆಟ್ಟಿಗೆಯ ತಳದಲ್ಲಿದೆ, ಯಾರ ಕಣ್ಣಿಗೂ ಬೀಳದು. ನಿಮ್ಮ ನೀಲಿ ಅಂಗಿಯ ಹರಿದ ತೋಳು ಹೊಲಿದಿಟ್ಟಿದ್ದೇನೆ. ಮನೆಗೆ ಬಂದರೆ ಸಾಕಪ್ಪಾ, ಬೇರೇನೂ ಬೇಡ.

ನಿಮ್ಮ
ಫ್ಲೋರಿಂಡಾ ಚಿಲೊಂಬೊ

ತಾ.ಕ.: ಪೆಟ್ಟಿಗೆಯ ಮಾತು ಸುಳ್ಳು. ಶನಿವಾರ ನಿಮ್ಮನ್ನು ನೋಡಲು ಜೈಲಿನ ಬಾಗಿಲಿಗೆ ಹೋಗಿದ್ದೆ. "ಹೆಂಡ್ತಿ ಅನ್ನೋದಕ್ಕೆ ಏನಮ್ಮ ಗುರುತು?" ಎಂದು ಕಾವಲಿನವನು ಕೇಳಿದ. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಕಾಗದ ಕೊಟ್ಟೆ. "ಇದ್ಯಾವ ದೇಶದ ಮುದ್ರೆ? ಹಂಗೊಂದು ದೇಶಾನೇ ಇಲ್ವಲ್ಲ! ನೀನು ಅವನ ಹೆಂಡ್ತಿ ಅಲ್ಲ, ನಡಿ ನಡಿ" ಎಂದು ನಕ್ಕ. ಆಮೇಲೆ ಉದ್ಯೋಗದ ಸಾಲು ಓದಿದ. ನಗು ನಿಂತಿತು. ಕಾಗದ ವಾಪಸು ಕೊಡಲಿಲ್ಲ. ನಾನು ಹಾಳಾಗಿ ಹೋಗಲಿ, ನಿಮ್ಮನ್ನು ನನ್ನ ಕೈಯಾರೆ ಹಿಡಿದುಕೊಟ್ಟೆ. ನಾಳೆ ನನ್ನನ್ನು ನಿಮ್ಮೆದುರು ನಿಲ್ಲಿಸಿ ವಿಚಾರಿಸುತ್ತಾರಂತೆ. ಈ ಹೆಂಗಸು ಯಾರೋ ಗೊತ್ತಿಲ್ಲ, ಕಾಗದ ಅವಳೇ ಬರೆದುಕೊಂಡಿದ್ದು ಅನ್ನಿ. ನಾನೂ ಹಾಗೇ ಹೇಳುತ್ತೇನೆ. ಆ ಅಕ್ಷರ ಯಾರದೆಂದು ನಿಮ್ಮಿಂದ ಒಂದು ಸಾಲು ಬರೆಸಿದರೆ ತಿಳಿದುಬಿಡುತ್ತದೆ, ನನಗೆ ಗೊತ್ತು. ಆದರೂ ಅನ್ನಿ. ನಾನು ಎದುರಿಗೆ ನಿಂತು ಅತ್ತರೂ, ಗೊತ್ತಿಲ್ಲ ಅನ್ನಿ.