ದೋಣಿ ಕಟ್ಟುವವರ ಇಗರ್ಜಿ

ಮಾರ್ಚ್ 4, ಬೆಳಿಗ್ಗೆ

ಇಗರ್ಜಿ ಬಾಗಿಲು ತೆಗೆದೆ. ಗುಡಿಸಿದೆ. ಸಂತ ಅಂತೋನಿಯ ತಲೆ ಮೇಲೆ ಇವತ್ತೂ ಮರದ ಪುಡಿ. ಒರೆಸಿ ಒರೆಸಿ ಸಾಕಾಯಿತು. "ನಿನಗೇನಪ್ಪಾ, ನಿಂತಲ್ಲೇ ನಿಂತಿರ್ತೀಯ" ಎಂದು ಬೈದೆ. ಪಾದ್ರಿ ನಮ್ಮ ದ್ವೀಪಕ್ಕೆ ಬರುವುದು ವರ್ಷಕ್ಕೊಮ್ಮೆ, ಹಬ್ಬಕ್ಕೆ. ಮಿಕ್ಕ ದಿನ ಬೀಗದ ಕೈ, ಜಪ, ಸಾವು, ಸಂಸ್ಕಾರ ಎಲ್ಲ ನನ್ನ, ಈ ಎದುವಿಹೆಸ್‌ಳ, ತಲೆಗೇ. ಊರವರು ಆರಿಸಿದ್ದಾರೆ, ಬೇಡ ಎನ್ನುವ ಹಾಗಿಲ್ಲ.

ಮನೆಗೆ ಬಂದರೆ ಅಮ್ಮ ಒಲೆ ಪಕ್ಕ ಕಾಯುತ್ತಿದ್ದಳು. ದಿನಾ ಕೇಳುವುದನ್ನೇ ಕೇಳಿದಳು.

"ನಮ್ಮಪ್ಪನ ಕೆಲಸ ಇನ್ನೂ ಗಟ್ಟಿಯಾಗಿದೆಯೇನೇ?"

"ಗಟ್ಟಿಯಾಗಿದೆ."

"ಹಂಗಾದ್ರೆ ನಾನು ಸತ್ತಾಗ ನನ್ನನ್ನ ಅಲ್ಲಿಂದಾನೇ ಕಳಿಸ್ಬೇಕು. ಅವನು ಮಾಡಿದ ಇಗರ್ಜಿಯ ಮರದ ಕಮಾನಿನ ಕೆಳಗೆ ಮಲಗಿಸಿ. ಮಾತು ಕೊಡು."

ಎಷ್ಟು ಸಲ ಕೊಟ್ಟಿಲ್ಲ! ಮತ್ತೆ ಕೊಟ್ಟೆ.

ಮಾರ್ಚ್ 11

ಇಗರ್ಜಿ ನೋಡಲು ರಾಜಧಾನಿಯಿಂದ ಎಂಜಿನಿಯರ್ ಬಂದಿದ್ದಾಳೆ. ಮಕರೆನಾ ಅಂತೆ. ಹುಡುಗಿ ಬೆಕ್ಕಿನ ಹಾಗೆ ಅಟ್ಟ ಹತ್ತಿದಳು. ಇಳಿದಾಗ ಮುಖ ಸರಿ ಇರಲಿಲ್ಲ.

"ಮೇಡಂ, ನಿಮ್ಮ ಕಮಾನು ಒಳಗಿಂದಾನೇ ಕೊಳೆತಿದೆ. ಹಲಗೆ ಸಂದಿಗೆಲ್ಲ ನಾರು ಜಡಿದಿದಾರೆ ನೋಡಿ, ನೀರು ನುಗ್ಗದಿರಲಿ ಅಂತ ದೋಣಿಗೆ ಜಡಿಯೋ ಹಾಗೆ. ಗಾಳಿ ಆಡಕ್ಕೆ ಜಾಗಾನೇ ಇಲ್ಲ. ಜನರ ಉಸಿರು, ಮೇಣದಬತ್ತಿ ಹಬೆ, ಒದ್ದೆ ಉಣ್ಣೆ ಬಟ್ಟೆ ಆವಿ, ಎಲ್ಲ ಮೇಲೆ ಹೋಗಿ ಅಲ್ಲೇ ಕೂತಿದೆ."

ನಮ್ಮೂರಿನಲ್ಲಿ ದೋಣಿ ಕಟ್ಟುವ ಅರ್ತೇಮಿಯೊ ಅಲ್ಲೇ ಇದ್ದ. ಉರಿದುಬಿದ್ದ. "ನಾರು ಜಡೀದೆ ದೋಣಿ ಉಂಟೇನಮ್ಮಾ?"

"ಇದು ದೋಣಿ ಅಲ್ವಲ್ಲ ಅಣ್ಣಾ."

ಅವನು ತಲೆ ಎತ್ತಿ ಕಮಾನು ನೋಡಿದ. ನಾನೂ ನೋಡಿದೆ.

ಕಮಾನು ಪೂರ್ತಿ ಇಳಿಸಬೇಕಂತೆ, ಜೂನ್‌ನಲ್ಲಿ ನಮ್ಮ ಚಳಿಗಾಲ ಬಲಿಯುವ ಮೊದಲು. ಹೊಸದು ಏರುವುದು ಬರುವ ಬೇಸಿಗೆಗೆ, ಡಿಸೆಂಬರಿಗೆ. ನಾನು ಹ್ಞೂಂ ಎನ್ನಬೇಕು. ಎನ್ನಲಿಲ್ಲ. ಅಮ್ಮನ ಎದೆ ವಸಂತದವರೆಗೆ ಎಳೆಯುವುದಿಲ್ಲ ಎಂದು ನರ್ಸ್ ಹೇಳಿ ಇನ್ನೂ ತಿಂಗಳಾಗಿಲ್ಲ.

ಮಾರ್ಚ್ 12, ಸಂಜೆ

ಅಮ್ಮನಿಗೆ ಹೇಳಲಿಲ್ಲ. ಇಬ್ಬರೂ ಆಲೂಗಡ್ಡೆ ಸುಲಿಯುತ್ತಿದ್ದಾಗ ಅವಳೇ ಹಳೆಯ ಕಥೆ ತೆಗೆದಳು. ಇಗರ್ಜಿ ಕಟ್ಟುವಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಆಗ ಇಲ್ಲಿಯ ಗಂಡಸರಿಗೆ ದೋಣಿ ಬಿಟ್ಟು ಬೇರೇನೂ ಕಟ್ಟಿ ಗೊತ್ತಿಲ್ಲ. ಸರಿ, ದೋಣಿಯನ್ನೇ ಕಟ್ಟಿದರು, ಬೋರಲಾಗಿ. ತುಂಡು ತುಂಡಾಗಿ ಗೋಡೆಗಳ ಮೇಲೆ ಎಳೆದರು, ದ್ವೀಪದ ಎತ್ತುಗಳೆಲ್ಲ ಸೇರಿ. ಅಜ್ಜ ಮೇಲೆ ಕೂತು ಕೊಡತಿಯಿಂದ ನಾರು ಜಡಿಯುವುದು, ಅಮ್ಮ ಕೆಳಗಿನಿಂದ ಬುಟ್ಟಿಯಲ್ಲಿ ತೊಗಟೆ ನಾರು ಕಳಿಸುವುದು.

"ಮೊದಲ್ನೇ ಜಪದ ದಿನ ತಲೆ ಎತ್ತಿ ನೋಡ್ದೆ ಕಣೇ. ದೋಣಿ ಮಗುಚಿ ಊರೆಲ್ಲಾ ಅದರಡಿ ಸಿಕ್ಕೊಂಡಂಗಿತ್ತು. ಆದ್ರೂ ಯಾರೂ ಮುಳುಗ್ತಿಲ್ಲ! ಎಲ್ಲರೂ ಹಾಡ್ತಿದಾರೆ!"

ಹೇಳುತ್ತಾ ಹೇಳುತ್ತಾ ನಿದ್ದೆಹೋದಳು. ನಾನು ಚಾಕು ಹಿಡಿದು ಹಾಗೇ ಕೂತಿದ್ದೆ. ಕಿಟಕಿಯಾಚೆ ಮಂಜು ಸಮುದ್ರವನ್ನು ನುಂಗಿತ್ತು. ನಾವಿಬ್ಬರೂ ನೀರಿನಡಿ ಇದ್ದೇವೇನೋ ಅನ್ನಿಸಿತು... ಹಾಗೆಯೇ ಇದ್ದುಬಿಡಬಹುದಿತ್ತು.

ಮಾರ್ಚ್ 29

ಮಕರೆನಾ ಎದುರಿಗೆ ಬಂದರೆ ದಾರಿ ಬದಲಿಸುತ್ತೇನೆ. ಕೋಳಿಗೂಡಿನ ಹಿಂದೆ ಅವಿತುಕೊಂಡೆ, ಈ ವಯಸ್ಸಿನಲ್ಲಿ. ಥೂ.

ಏಪ್ರಿಲ್ 9

ಜಪದ ನಡುವೆ ಕಮಾನಿನಿಂದ ಹಲಗೆ ಬಿತ್ತು. ಅರ್ತೇಮಿಯೊನ ಹೆಂಡತಿ ಕೂರುವ ಜಾಗಕ್ಕೇ. ಅವಳಿಗೆ ನೆಗಡಿ, ಬಂದಿರಲಿಲ್ಲ. ಬೆಂಚು ಎರಡು ಹೋಳು. ಅರ್ತೇಮಿಯೊ ಆ ಹೋಳುಗಳನ್ನು ನೋಡಿದ, ನನ್ನನ್ನು ನೋಡಿದ.  ಬೈದಿದ್ದರೇ ಚೆನ್ನಾಗಿತ್ತು.

ನೇರ ಮನೆಗೆ ಬಂದೆ. ಅಮ್ಮನಿಗೆ ಎಲ್ಲ ಹೇಳಿದೆ. ನಾರು, ಕೊಳೆತದ್ದು, ಅಜ್ಜನ ತಪ್ಪು.  ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳು ಎಂದುಕೊಂಡೆ. ನಗು!

"ಅಯ್ಯೋ ನಮ್ಮಪ್ಪಾ... ಮೀನು ಹಿಡಿಯೋಕೆ ಹೊರಟಂಗೆ ಇಗರ್ಜಿ ಕಟ್ಟಿದ್ಯಲ್ಲೋ! ಬಿಚ್ಚಿಸೇ."

"ನಿನಗೆ ಕೊಟ್ಟ ಮಾತು?"

"ನನ್ನೊಬ್ಬಳ ಮಾತಿಗೋಸ್ಕರ ಊರವರ ತಲೆ ಒಡೀಬೇಕಾ? ಬಿಚ್ಚಿಸು ಅಂದೆ."

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಈಗಿನದು ನಿಜವಾಗಿಯೂ ಅಳುವೇ.  ಎದ್ದು ಹೋಗಿ ಮಕರೆನಾಗೆ ಹ್ಞೂಂ ಎಂದು ಬಂದೆ.

ಮೇ 2

ಇವತ್ತು ಮೇಲಿನ ಚಾವಣಿ ಕಿತ್ತು ಕಮಾನು ಇಳಿಸಿದರು. ಇಡೀ ದ್ವೀಪ ಬಂದಿತ್ತು, ಎತ್ತು, ಹಗ್ಗ, ಕೂಗಾಟ ಸಮೇತ. ಕೆಲಸಕ್ಕೆ ಬಂದವರ ಹೊಟ್ಟೆ ನನ್ನ ಜವಾಬ್ದಾರಿ. ಹೊಗೆಗೆ ಒಣಗಿಸಿದ ಚಿಪ್ಪುಮೀನು, ಆಲೂಗಡ್ಡೆ ರೊಟ್ಟಿ, ಸೇಬಿನ ಹೆಂಡ. ಮೊದಲ ತುಂಡು ಹಗ್ಗದಲ್ಲಿ ತಿರುಗಿ ತಿರುಗಿ ಹುಲ್ಲಿನ ಮೇಲೆ ಅಂಗಾತ ಕೂತಿತು. ಸದ್ದು ನಿಂತಿತು. ಎಲ್ಲರೂ ನೋಡುತ್ತಿದ್ದೆವು. ಅದು ದೋಣಿಯೇ. ಇಷ್ಟು ವರ್ಷ ತಲೆ ಮೇಲಿದ್ದದ್ದು.

ಅಮ್ಮನಿಗೆ ಅದರೊಳಗೆ ಕೂರಬೇಕಂತೆ. ಹಟ. ಅರ್ತೇಮಿಯೊ ಕಂಬಳಿ ಸಮೇತ ಎತ್ತಿ ಗಟ್ಟಿ ಹಲಗೆ ಇದ್ದ ಕಡೆ ಕೂರಿಸಿದ. "ಎಲ್ಲಿಗೆ ಹೊರಟ್ರಿ ಅಜ್ಜೀ?"

"ನಿನ್ನ ಕರ್ಕೊಂಡು ಓಡಿಹೋಗ್ತೀನಿ ಬಾರೋ."

ಮಳೆ ಬಂತು. ನಮ್ಮಲ್ಲಿ ಯಾವಾಗ ಬರುವುದಿಲ್ಲ? ಹೋಗೋಣ ಎಂದರೆ ಕೇಳಲಿಲ್ಲ. ಕಾಲ ಕೆಳಗೆ ನೀರು ನಿಲ್ಲತೊಡಗಿತು. ಪಾದ ಮುಳುಗಿತು. ಅಮ್ಮ ಅಂಚಿನಾಚೆ ಬಗ್ಗಿ ಮಳೆ ತಾಗದ ಹೊರಗಿನ ಅಡಿಮೈ ಸವರಿದಳು. ಒಣ ಪುಡಿ ಹತ್ತಿದ ಕೈ ಎತ್ತಿ ತೋರಿಸಿದಳು.

"ನೋಡೇ, ಒಂದು ಹನೀನೂ ಆಚೆ ಹೋಗಿಲ್ಲ."

ಮಕರೆನಾ ಹತ್ತಿರ ಬಂದು ತಾನೂ ಸವರಿ ನೋಡಿದಳು. "ಎಂಥಾ ಕೆಲಸ ಅಜ್ಜೀ" ಎಂದಳು. ಅಮ್ಮನ ಮುಖ ನೋಡಬೇಕಿತ್ತು. ಮದುವೆ ಹುಡುಗಿಯ ಮುಖ. ಆ ನೀರಿನಲ್ಲಿ ಮೋಡ ಚಲಿಸುತ್ತಿತ್ತು. ಅಮ್ಮ ಎಲ್ಲಿಗೋ ಸಾಗುತ್ತಿದ್ದಾಳೆ ಅನ್ನಿಸಿತು. ಅಷ್ಟೊಂದು ಸಂತೋಷಕ್ಕೆ ನನಗೆ ಭಯವಾಯಿತು.

ಮೇ 30

ಅಮ್ಮ ಹೋದಳು. ಒಲೆ ಹಚ್ಚಿ ತಿರುಗುವಷ್ಟರಲ್ಲಿ.

ಮೇ 31

ಮನೆಯಲ್ಲೇ ಜಪ ಮಾಡಿ ಮುಗಿಸೋಣ ಎಂದೆ. ಇಗರ್ಜಿಗೆ ಚಾವಣಿಯೇ ಇಲ್ಲ. ನಾಲ್ಕು ಗೋಡೆ, ಮೇಲೆ ಮಳೆ. ಕೊಟ್ಟ ಮಾತು ನೀರುಪಾಲು. ಅರ್ತೇಮಿಯೊ, "ನಾಳೆ ಮಧ್ಯಾಹ್ನದ ತನಕ ಸುಮ್ನಿರಕ್ಕಾ" ಎಂದ. ಹೊರಟೇಹೋದ. ನನಗೆ ರೇಗಿತು.

ಜೂನ್ 1

ಬರೆಯಲು ಕೈ ಏಳುತ್ತಿಲ್ಲ. ಬರೆಯದಿದ್ದರೂ ಆಗುವುದಿಲ್ಲ.

ಮಧ್ಯಾಹ್ನ ಅಮ್ಮನನ್ನು ಹೊತ್ತು ತಂದರು. ಇಗರ್ಜಿ ತಿರುವಿನಲ್ಲಿ ನಿಂತುಬಿಟ್ಟೆ. ಮೋಟಾರು ದೋಣಿ ಬಂದ ಮೇಲೆ ಮನೆ ಮನೆಯ ಅಟ್ಟದಲ್ಲಿ ಇಲಿಗಳ ಪಾಲಾಗಿದ್ದ ಹಳೆಯ ಹಾಯಿಗಳು — ಎಲ್ಲವನ್ನೂ ಹೊಲಿದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಎಳೆದು ಕಟ್ಟಿದ್ದಾರೆ! ಒಳಗೆಲ್ಲ ಹಾಲಿನಂಥ ಬೆಳಕು. ಗಾಳಿಗೆ ಅಷ್ಟೂ ಬಟ್ಟೆ ಉಬ್ಬುತ್ತಿದೆ, ಇಳಿಯುತ್ತಿದೆ. ಇಗರ್ಜಿಯೇ ದಡ ಬಿಟ್ಟು ಹೊರಟ ಹಾಗೆ.

ಕಟ್ಟಿದ್ದು ಸಾಲದೆ ಸುತ್ತ ಗೋಡೆಗಂಟಿ ಜನ ಹಗ್ಗ ಹಿಡಿದು ನಿಂತಿದ್ದರು. ಅರ್ತೇಮಿಯೊ, ಅವನ ಹೆಂಡತಿ, ತೋಯ್ದು ತೊಪ್ಪೆಯಾದ ಮಕರೆನಾ ಕೂಡ. ಬಿಟ್ಟರೆ ಹಾರಿಹೋಗುತ್ತದೆ.

"ಬೇಗ ಮುಗಿಸಕ್ಕಾ, ಗಾಳಿ ಜೋರಾಗ್ತಿದೆ" ಎಂದ ಅರ್ತೇಮಿಯೊ.

ಜಪ ಶುರು ಮಾಡಿದೆ. ಚೆನ್ನಾಗಿಯೇ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಹೊಳೆಯಿತು: ಮುಗಿದರೆ ಅಮ್ಮನನ್ನು ಎತ್ತಿ ಮಣ್ಣಿಗೆ ಒಯ್ಯುತ್ತಾರೆ. ಆ ಸಾಲು ಬಿಟ್ಟೆ. ಮತ್ತೆ ಮೊದಲಿನಿಂದ ಹಿಡಿದೆ. ಹಾಯಿ ದಬದಬ ಬಡಿಯುತ್ತಿತ್ತು. ಹಗ್ಗ ಹಿಡಿದವರ ಕೈ ಕೆಂಪೇರಿತ್ತು. ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಹಗ್ಗ ಬಿಡಲಿಲ್ಲ, ನನ್ನ ಜೊತೆ ಅವರೂ ಮೊದಲಿನಿಂದ ಹೇಳಿದರು. ಎರಡನೇ ಸಲವೂ ಆ ಸಾಲು ಬಂತು. ಅರ್ತೇಮಿಯೊನ ಕಡೆ ನೋಡಿದೆ. ಅವನು ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, "ಹೇಳಕ್ಕಾ" ಎಂದ. ನಾನು ಮತ್ತೆ ಮೊದಲಿನಿಂದ ಹಿಡಿದೆ.